ಸ್ಟಿಲ್ಟನ್ ಮತ್ತು ನನ್ನ ಮೂಗು

ಹೋದ ತಿಂಗಳು ಇಲ್ಲೇ, ಅಮೆರಿಕದ ಕೊಲಂಬಿಯಾ ಊರಿನಲ್ಲಿ, ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಗೃಹಪ್ರವೇಶವಿತ್ತು. ಪೂಜೆ, ಊಟ ಬೆಳಿಗ್ಗೆಯೇ ಮುಗಿದು, ಸಂಜೆ ಆಫೀಸಿನವರಿಗೆಂದು ಬೇರೆ ಪಾರ್ಟಿ ಇಟ್ಟುಕೊಂಡಿದ್ದರು. ಮೇಜಿನ ಮೇಲೆ ದೊಡ್ಡದೊಂದು ಮರದ ಹಲಗೆ, ಅದರ ತುಂಬ ಇಂಗ್ಲೆಂಡಿನ ಚೀಸ್‌ಗಳು. ಯಾರೋ ಉಡುಗೊರೆ ಕೊಟ್ಟಿದ್ದಂತೆ. ಆಗ ತಾನೇ ಫ್ರಿಜ್‌ನಿಂದ ತೆಗೆದು ಪ್ಲಾಸ್ಟಿಕ್ ಸುಲಿದು ಇಟ್ಟಿದ್ದರಿಂದ ಪಾಪ, ಎಲ್ಲವೂ ಬೆವರುತ್ತಿದ್ದವು. ನಾನು ಅತ್ತ ಹೋಗುವಷ್ಟರಲ್ಲಿ ಮನೆಯ ಯಜಮಾನ ಚಾಕು ಹಿಡಿದು, ಒಂದು ತುಂಡಿನೊಳಗಿನ ನೀಲಿ ಗೆರೆಗಳನ್ನೆಲ್ಲ ಕೆರೆದು ಕೆರೆದು ಟಿಶ್ಯೂ ಪೇಪರಿಗೆ ಹಾಕುತ್ತಿದ್ದ.

“ಬೂಷ್ಟು ಹಿಡಿದುಬಿಟ್ಟಿದೆ ವಸುಧಾ ಅವ್ರೇ. ಇಷ್ಟು ಕ್ಲೀನ್ ಮಾಡಿದ್ರೆ ಮಿಕ್ಕಿದ್ದು ಓಕೆ ಅಲ್ವಾ?”

“ಅಯ್ಯೋ, ನಿಲ್ಸಿ!” ಎಂದು ನಾನು ಕೂಗಿದ ಕೂಗಿಗೆ ಅಡಿಗೆಮನೆಯಲ್ಲಿದ್ದವರೂ ಇಣುಕಿ ನೋಡಿದರು. ಚಾಕು ಕಿತ್ತುಕೊಂಡೆ. ಆತ ಕಕ್ಕಾಬಿಕ್ಕಿಯಾದ. ಅದು ಸ್ಟಿಲ್ಟನ್, ಆ ನೀಲಿ ಇರುವುದಕ್ಕೇ ಜನ ಅದನ್ನು ಸಾಗರ ದಾಟಿಸಿ ತರಿಸಿಕೊಳ್ಳುತ್ತಾರೆ ಎಂದು ಹೇಳಬೇಕೆಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಟಿಶ್ಯೂ ಪೇಪರಿನಿಂದ ಆ ವಾಸನೆ ಎದ್ದು ಬಂದಿತ್ತು. ಅಷ್ಟೇ ಸಾಕಾಯಿತು. ನಾನು ಮತ್ತೆ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿದ್ದೆ, ಮೂಗು ಕಳೆದುಕೊಂಡು ಕೂತಿದ್ದ ಆ ವರ್ಷದಲ್ಲಿದ್ದೆ.

ನನ್ನ ಮೂಗಿನ ಬಗ್ಗೆ ಸ್ವಲ್ಪ ಹೇಳಬೇಕು. ಜಂಬ ಅಂದುಕೊಂಡರೂ ಪರವಾಗಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ನೈವೇದ್ಯಕ್ಕೆ ಮೊದಲು ಅಡಿಗೆಯ ರುಚಿ ನೋಡುವ ಹಾಗಿರಲಿಲ್ಲ. ನಾಲಿಗೆಗೆ ತಾಕಿಸಿದರೆ ಎಂಜಲು. ಉಪ್ಪು ಹೆಚ್ಚೋ ಕಡಿಮೆಯೋ, ದೇವರಿಗೆ ತೋರಿಸಿದ ಮೇಲೆಯೇ ನಮಗೆ ತಿಳಿಯಬೇಕು. ಹಾಗಾದರೆ ಅಡಿಗೆ ಮಾಡುವವಳು ಹದ ಕಂಡುಕೊಳ್ಳುವುದು ಹೇಗೆ? ಕಣ್ಣಿನಲ್ಲಿ, ಕಿವಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮೂಗಿನಲ್ಲಿ. ಮೂಸುವುದೂ ತಪ್ಪು ಅನ್ನುವವರಿದ್ದಾರೆ. ಆದರೆ ನಾವಾಗಿ ಪಾತ್ರೆಗೆ ಬಗ್ಗಿ ಮೂಸದೆ, ಆವಿಯೇ ಎದ್ದು ಬಂದು ಮುಖಕ್ಕೆ ಬಡಿದರೆ ಯಾರೇನು ಮಾಡಲಾದೀತು? ಉಪ್ಪಿಗೆ ಎಲ್ಲಿಯ ವಾಸನೆ ಎಂದು ನನ್ನ ಗಂಡ ಶ್ರೀಧರ ಮದುವೆಯಾದ ಹೊಸದರಲ್ಲಿ ವಾದ ಹೂಡುತ್ತಿದ್ದರು. ಉಪ್ಪಿಗಿಲ್ಲದಿರಬಹುದು, ಸಾರಿಗಿದೆ. ಉಪ್ಪು ಬೀಳದ ಸಾರಿನ ಆವಿ ಮಂಕಾಗಿರುತ್ತದೆ. ಉಪ್ಪು ಬಿದ್ದು ಒಂದು ಕುದಿ ಬಂತೆಂದರೆ ಮೆಣಸು, ಕೊತ್ತಂಬರಿ, ಇಂಗು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಕಣ್ಣು ಕಟ್ಟಿ ನಿಲ್ಲಿಸಿದರೂ ಹೇಳುತ್ತಿದ್ದೆ.

ಡರ್ಹಮ್‌ನಲ್ಲಿ ನಾವು ಕೆಲವು ಕನ್ನಡದ ಮನೆಯವರು ಸೇರಿ ಒಂದು ಹಾಲ್ ಬಾಡಿಗೆಗೆ ಹಿಡಿದು ಗಣೇಶನ ಹಬ್ಬ, ಯುಗಾದಿ ಮಾಡುತ್ತಿದ್ದೆವು. ನೈವೇದ್ಯದ ಅಡಿಗೆ ಅಲ್ಲಿಯೇ ಆಗಬೇಕು, ಹೊರಗಿನಿಂದ ತರಿಸುವ ಹಾಗಿಲ್ಲ. ಅದರ ಯಜಮಾನಿಕೆ ಪದ್ಮಾ ಆಂಟಿಯದು. ಎಪ್ಪತ್ತು ದಾಟಿದವರು, ನಂಜನಗೂಡಿನ ಕಡೆಯವರು, ಮಗಳು ಅಳಿಯನ ಜೊತೆ ಬಹಳ ವರ್ಷಗಳಿಂದ ಅಲ್ಲೇ ಇದ್ದವರು. ಅವರ ಕೈಕೆಳಗೆ ಸಾರು, ಹುಳಿ, ಪಾಯಸಕ್ಕೆ ನಾನು. ನೂರು ಜನರ ಸಾರನ್ನು ಒಂದು ಹನಿ ನಾಲಿಗೆಗೆ ಹಾಕಿಕೊಳ್ಳದೆ ಇಳಿಸುತ್ತಿದ್ದೆ. ಆ ಒಲೆಯ ಮುಂದೆ ಸೆರಗು ಸಿಕ್ಕಿಸಿ ನಿಂತಾಗ ಈ ದೇಶಕ್ಕೆ ಬಂದಾಗಿನಿಂದ ಕಳೆದುಕೊಂಡದ್ದು ಯಾವುದೂ ನನಗೆ ನೆನಪಾಗುತ್ತಿರಲಿಲ್ಲ. ಕೆಲಸ ಮಾಡಲು ವೀಸಾ ಬಿಡದಿದ್ದ ವರ್ಷಗಳಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆಯ ಕೊನೆಗೆ ನಮ್ಮ ಮನೆಗೂ ಕೋವಿಡ್ ಬಂತು. ಶ್ರೀಧರ ನಾಲ್ಕು ದಿನ ನರಳಿ ಎದ್ದರು. ಮಗಳು ಅನಘಾಗೆ ಸೀನು ಬಿಟ್ಟರೆ ಏನೂ ಇಲ್ಲ. ನನಗೆ ಜ್ವರವೂ ಹೆಚ್ಚಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ಕಾಫಿ ಬೆರೆಸಿದೆ, ಬಿಸಿ ನೀರಿನ ಹಾಗಿತ್ತು. ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ, ಏನೂ ಇಲ್ಲ. ಹಿಡಿದುಕೊಂಡೇ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನಾಲಿಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತಿತ್ತು, ಅದರಾಚೆ ಎಲ್ಲ ಬರಿದು.

ಗಣೇಶನ ಹಬ್ಬ ಹತ್ತಿರ ಬಂದಾಗ ಪದ್ಮಾ ಆಂಟಿಗೆ ಫೋನ್ ಮಾಡಿ, “ಆಂಟಿ, ನನಗೆ ವಾಸನೆನೇ ಬರ್ತಿಲ್ಲ, ಈ ಸಲ ಬೇಡ” ಎಂದೆ. “ಬಿಡೇ, ನಿನ್ನ ಕೈಗೆ ಗೊತ್ತು. ಅದಕ್ಕೆ ಮೂಗು ಯಾಕೆ?” ಎಂದರು. ಪಾಪ, ಧೈರ್ಯ ತುಂಬಲು ಹೇಳಿದ ಮಾತು. ಆ ವರ್ಷ ಅಡಿಗೆಮನೆಯಲ್ಲಿ ಎಲ್ಲರಿಗೂ ಮಾಸ್ಕ್, ಅದೂ ದಪ್ಪನೆಯದು. ದೊಡ್ಡ ಪಾತ್ರೆಯಲ್ಲಿ ಕಡಲೆಬೇಳೆ ಪಾಯಸ ಕುದಿಯುತ್ತಿತ್ತು. ನಾನು ತಿರುವುತ್ತಲೇ ಇದ್ದೆ. ತಳ ಹಿಡಿದದ್ದು ಮಾಸ್ಕ್ ಹಾಕಿದವರ ಮೂಗಿಗೆ ಮುಟ್ಟಲಿಲ್ಲ, ನನ್ನದಂತೂ ಸತ್ತ ಮೂಗು. ನಾಲಿಗೆಗೆ ಯಾರೂ ಹಾಕುವ ಹಾಗಿರಲಿಲ್ಲ. ನೈವೇದ್ಯ ಆಯಿತು, ಮಂಗಳಾರತಿ ಆಯಿತು, ಎಲೆಗಳಿಗೆ ಬಡಿಸಿಯೂ ಆಯಿತು.

ಯಾರೂ ತಪ್ಪು ಎತ್ತಲಿಲ್ಲ. “ಸೂಪರ್ ಆಗಿದೆ ವಸುಧಾ” ಎಂದರು ಇಬ್ಬರು. ಅನಘಾ ಮಾತ್ರ ಒಂದು ಚಮಚ ಬಾಯಿಗಿಟ್ಟು, “ಅಮ್ಮ, ಇದು burnt ಆಗಿದೆ. Like, really burnt” ಎಂದಳು. ಹನ್ನೊಂದು ವರ್ಷದ ಹುಡುಗಿ, ಸುಳ್ಳು ಹೇಳಲು ಬಾರದು. ಓಡಿ ಹೋಗಿ ಪಾತ್ರೆಯ ತಳ ಕೆರೆದು ನೋಡಿದರೆ ಸೌಟಿಗೆ ಕರಿ ಹಕ್ಕಳೆ ಬಂತು. ದೇವರಿಗೆ ಸೀದ ಪಾಯಸ ಇಟ್ಟಿದ್ದೆ. ಪದ್ಮಾ ಆಂಟಿ ಬಂದು ಬೆನ್ನು ಸವರಿ, “ಪರವಾಗಿಲ್ಲ ಬಿಡು, ಚೆನ್ನಾಗೇ ಇತ್ತು” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೇಳೆಗೆ ಇನ್ನೊಂದು ಕುದಿ ಬೇಕಿತ್ತು, ಒಗ್ಗರಣೆಗೆ ಅವಸರ ಮಾಡಿದೆ ಎಂದು ಹಬ್ಬ ಹಬ್ಬಕ್ಕೂ ನನ್ನನ್ನು ಹುರಿದು ತಿಂದ ಹೆಂಗಸು ಚೆನ್ನಾಗಿತ್ತು ಎಂದಾಗ ನನ್ನ ಕಥೆ ಮುಗಿಯಿತು ಎಂದೇ ಅನ್ನಿಸಿತು. ಆಮೇಲೆ ದೀಪಾವಳಿಗೆ ಹೂವು ಕಟ್ಟುವ ಕೆಲಸ ಕೊಟ್ಟರು. “ನೀನು ರೆಸ್ಟ್ ಮಾಡು” ಎಂದು ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಡಾಕ್ಟರು ನಿಂಬೆ, ಗುಲಾಬಿ, ಲವಂಗ, ನೀಲಗಿರಿ ಎಣ್ಣೆಗಳ ಪುಟ್ಟ ಸೀಸೆಗಳನ್ನು ದಿನಾ ಮೂಸಿ ಅಭ್ಯಾಸ ಮಾಡಿ ಎಂದಿದ್ದರು. ವಾಸನೆ ಮರಳಬಹುದು, ಮರಳದೆಯೂ ಇರಬಹುದು ಎಂದೂ ಹೇಳಿದ್ದರು. ಮೂಸಿದೆ. ನಾಲ್ಕೂ ಸೀಸೆ ಒಂದೇ, ಖಾಲಿ. ಚಳಿಗಾಲದ ಹೊತ್ತಿಗೆ ಸೀಸೆಗಳನ್ನು ಡ್ರಾಯರಿಗೆ ತಳ್ಳಿ ಶಾಸ್ತ್ರಕ್ಕೆ ಅಡಿಗೆ ಮಾಡುತ್ತಿದ್ದೆ. ಶ್ರೀಧರ ಪಾಪ, ಏನು ಹಾಕಿದರೂ ಉಂಡು ಏಳುತ್ತಿದ್ದರು.

ಅನಘಾಳ ವಯೊಲಿನ್ ಕ್ಲಾಸ್ ಡೌನ್‌ಟೌನ್‌ನಲ್ಲಿ, ಹಳೆಯ ತಂಬಾಕು ಗೋದಾಮಿನ ಕೆಂಪು ಇಟ್ಟಿಗೆ ಕಟ್ಟಡದ ಮಹಡಿಯ ಮೇಲೆ. ಆಗಿನ್ನೂ ತಂದೆತಾಯಿಗಳನ್ನು ಒಳಗೆ ಬಿಡುತ್ತಿರಲಿಲ್ಲ. ಜನವರಿಯ ಒಂದು ಶನಿವಾರ, ಮಳೆಯೋ ಮಂಜೋ ತಿಳಿಯದ ಹಾಗೆ ತುಂತುರು ಹಾರುತ್ತಿದ್ದಾಗ, ಮೆಟ್ಟಿಲ ಕೆಳಗೆ ನಡುಗುತ್ತ ನಿಂತಿದ್ದೆ. ಕೆಳಗಿನ ಅಂಗಡಿಯ ಬಾಗಿಲು ತೆರೆದು ಬಿಳಿಗೂದಲ ಹೆಂಗಸೊಬ್ಬಳು, ಒಳಗೆ ಬಾ, ಸತ್ತುಹೋಗ್ತೀಯ ಎಂದು ಗದರಿದಳು. ಅವಳ ಹೆಸರು ಹಿಲರಿ. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಹುಟ್ಟಿ, ಕೆರೊಲಿನಾದವನನ್ನು ಮದುವೆಯಾಗಿ ಬಂದವಳು. ಬ್ರಿಟನ್ನಿನ ಚೀಸ್ ಮಾತ್ರ ಮಾರುವ ಅಂಗಡಿ ಅದು. ಅವಳು ಇಂಗ್ಲಿಷಿನಲ್ಲಿ ಆಡಿದ ಮಾತುಗಳನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವಳ ಮಾತಿನ ಧಾಟಿಗೆ ಅದೇ ಸರಿ.

ಕ್ಲಾಸ್ ಮುಗಿಸಿ ನನ್ನನ್ನು ಹುಡುಕಿಕೊಂಡು ಒಳಗೆ ಬಂದ ಅನಘಾ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. “Eww, ಅಮ್ಮ! ಸಾಕ್ಸ್ ಸ್ಮೆಲ್! How are you even standing here?” ನನ್ನ ಮಗಳ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚಾದದ್ದು ಅದೇ ಮೊದಲು, ಅದೇ ಕೊನೆ. ಹಿಲರಿ ನನ್ನ ಮುಖ ನೋಡಿದಳು. ನನಗೆ ವಾಸನೆ ಬರುವುದಿಲ್ಲ ಎಂದೆ. ಅಯ್ಯೋ ಪಾಪ ಎನ್ನಬಹುದೆಂದು ಹಲ್ಲು ಕಚ್ಚಿ ಕಾಯುತ್ತಿದ್ದೆ. “ಹೆಂಡತಿ ಹಿಂದೆ ಮೂಗು ಮುಚ್ಕೊಂಡು ಇಲ್ಲಿಗೆ ಬರೋ ಗಂಡಸರು ಎಷ್ಟು ಜನ ನಿನ್ನ ಅದೃಷ್ಟ ಬೇಡಿಕೊಳ್ತಾರೆ ಗೊತ್ತಾ?” ಎಂದಳು. ನನಗೆ ನಗು ಬಂತು, ತಿಂಗಳುಗಳ ನಂತರ.

ಮುಂದಿನ ಶನಿವಾರ ನಾನಾಗಿಯೇ ಒಳಗೆ ಹೋದೆ. ಹಿಲರಿ ಒಂದು ದೊಡ್ಡ ಚಕ್ರದ ಮುಂದೆ ನಿಂತಿದ್ದಳು. ಬಟ್ಟೆ ಸುತ್ತಿದ ಚೆಡ್ಡಾರ್, ಬೀಸುವ ಕಲ್ಲಿನಷ್ಟು ದಪ್ಪ, ಮೇಲೆಲ್ಲ ಬೂದಿ ಬಣ್ಣದ ಬೂಷ್ಟು. ಉದ್ದಕ್ಕೆ ಸೀಳಿದ ಕೊಳವೆಯಂಥ ಉಕ್ಕಿನ ಸಲಕರಣೆಯನ್ನು ಅದರ ಪಕ್ಕೆಗೆ ಚುಚ್ಚಿ, ಒಂದು ಸುತ್ತು ತಿರುಗಿಸಿ, ಮೆಲ್ಲಗೆ ಹೊರಗೆಳೆದಳು. ಬೆರಳುದ್ದದ ಚೀಸ್ ಅದರೊಳಗೆ ಬಂತು. ಮಾಸ್ಕ್ ಕೆಳಗೆಳೆದು ಅದನ್ನು ಮೂಗಿನ ಕೆಳಗೆ ಈ ತುದಿಯಿಂದ ಆ ತುದಿಗೆ ಸಾಗಿಸಿದಳು, ಕಣ್ಣು ಮುಚ್ಚಿ. ಆಮೇಲೆ ಆ ತುಂಡನ್ನು ಮತ್ತೆ ತೂತಿನೊಳಗೆ ತಳ್ಳಿ, ಬೆರಳಿನಿಂದ ಬಾಯಿ ಮೆತ್ತಿಬಿಟ್ಟಳು.

“ತಿನ್ನಲಿಲ್ಲವಲ್ಲ!” ಎಂದೆ.

“ಯಾಕೆ ತಿನ್ನಬೇಕು? ಇನ್ನೂ ನಾಲ್ಕು ತಿಂಗಳು ಮಲಗಬೇಕು ಇದು. ಮೂಗೇ ಹೇಳಿತು.”

ನನಗೆ ಮೈ ಜುಮ್ಮೆಂದಿತು. ಸಾವಿರಾರು ಮೈಲಿ ಆಚೆಯ, ದನ ತಿನ್ನುವ ಜನರ ಕಸುಬಿನಲ್ಲಿ, ನಮ್ಮ ಮಡಿಯ ಅಡಿಗೆಮನೆಯ ಕಟ್ಟಳೆಯೇ ನನ್ನ ಕಣ್ಣೆದುರು ನಡೆದಿತ್ತು. ಎಂಜಲು ಮಾಡದೆ ಹದ ನೋಡುವುದು! ಅವಳಿಗೆ ಎಲ್ಲವನ್ನೂ ಹೇಳಿದೆ: ನೈವೇದ್ಯ, ರುಚಿ ನೋಡದ ನಿಯಮ, ಸೀದ ಪಾಯಸ, ಹೂವು ಕಟ್ಟುವ ಕೆಲಸ. ಹೇಳುತ್ತ ಅತ್ತುಬಿಟ್ಟೆ. ಹಿಲರಿ ಪೂರಾ ಕೇಳಿಸಿಕೊಂಡು, “ನಿನಗೆ ಮೂಗು ಬೇಕು. ಆ ಸೀಸೆಗಳನ್ನು ಬಿಸಾಕು, ಅವು ಸತ್ತ ವಾಸನೆ. ಇವು ಜೀವಂತ. ಪ್ರತಿ ಶನಿವಾರ ಬಾ” ಎಂದಳು.

ಹೆಪ್ಪಿನ ವಿಷಯ ಕೇಳಿದೆ. ಹಾಲು ಒಡೆಯಲು ಹಳೆಯ ಪದ್ಧತಿಯವರು ಕರುವಿನ ಹೊಟ್ಟೆಯಿಂದ ತೆಗೆದದ್ದನ್ನು ಹಾಕುತ್ತಾರೆ ಎಂದು ಎಲ್ಲೋ ಓದಿದ್ದೆ. ಹಿಲರಿ ಬೇಸರಿಸಲಿಲ್ಲ. ಬೇರೆ ಹೆಪ್ಪು ಹಾಕಿ ಮಾಡುವವರೂ ಬೇಕಾದಷ್ಟು ಜನ ಇದ್ದಾರೆ ಎಂದು, ಒಂದೊಂದೇ ಚೀಟಿ ನೋಡಿ, ಒಂದು ಹಲಗೆಯ ಮೇಲೆ ಬೇರೆಯಾಗಿ ಜೋಡಿಸಿದಳು. ಚೆಡ್ಡಾರಿನ ಬಟ್ಟೆಗೆ ಹಂದಿಯ ಕೊಬ್ಬು ಸವರುವುದುಂಟು ಎಂದು ಅವಳೇ ನೆನಪಿಸಿಕೊಂಡು, ಬೆಣ್ಣೆ ಸವರಿದ್ದನ್ನು ಹುಡುಕಿ ಇಟ್ಟಳು. “ಈ ಹಲಗೆ ನಿನ್ನದು, ಕಣ್ಣು ಮುಚ್ಚಿ ತಿನ್ನು” ಎಂದಳು. ಅಷ್ಟು ಮರ್ಯಾದೆಯಿಂದ ನನ್ನ ಆಚಾರವನ್ನು ನಮ್ಮವರೇ ಎಷ್ಟೋ ಜನ ನೋಡಿರಲಿಲ್ಲ.

ಚೀಸ್ ತಿನ್ನುವುದಕ್ಕೂ ಒಂದು ಕ್ರಮ ಇದೆಯೆಂದು ನನಗೆ ಗೊತ್ತಾದದ್ದು ಆ ಚಳಿಗಾಲದಲ್ಲಿ. ನಾನು ಬರುವ ಒಂದು ಗಂಟೆ ಮೊದಲೇ ಹಿಲರಿ ಎಲ್ಲವನ್ನೂ ತಂಪಿನಿಂದ ಹೊರಗಿಡುತ್ತಿದ್ದಳು. ಚಳಿಯಲ್ಲಿ ಮುದುಡಿ ಕೂತವರು ಬಾಯಿ ಬಿಟ್ಟು ಮಾತಾಡುತ್ತಾರಾ ಎನ್ನುವುದು ಅವಳ ವಾದ. ಪ್ಲಾಸ್ಟಿಕ್ ಸುತ್ತಿದರೆ ಉಸಿರು ಕಟ್ಟುತ್ತದೆ, ಮೇಣದ ಕಾಗದವೇ ಆಗಬೇಕು. ಸೌಮ್ಯದಿಂದ ಶುರುಮಾಡಿ ಜೋರಿನ ಕಡೆಗೆ ಹೋಗಬೇಕು, ತಿರುಗಾಮುರುಗಾ ಮಾಡಿದರೆ ಬಡಪಾಯಿಗಳ ದನಿ ಕೇಳುವುದಿಲ್ಲ. ಚಾಕು ಬದಿಗಿಟ್ಟು ಬೆರಳಲ್ಲಿ ಮುರಿಯಬೇಕು. ನಾಲಿಗೆಯಿಂದ ಅಂಗುಳಕ್ಕೆ ಒತ್ತಿ, ಬಾಯಿ ಮುಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರು ಹೊರಗೆ ಬಿಡಬೇಕು. “ಒಳಗೆಳೆದು ಹುಡುಕಬೇಡ” ಎಂದು ಗದರುತ್ತಿದ್ದಳು, “ಹೊರಗೆ ಬಿಡು, ತಾನಾಗಿ ಬರಲಿ.”

ಮೊದಲು ವೆನ್ಸ್ಲಿಡೇಲ್, ಬೆಳ್ಳಗೆ, ಮೆತ್ತಗೆ, ಒಂದು ಸೀಳು ಸೇಬಿನ ಜೊತೆ. ಆಮೇಲೆ ವೇಲ್ಸ್‌ನ ಕೇರ್ಫಿಲಿ, ನಡುವೆ ಪುಡಿಪುಡಿ, ಅಂಚಿನಲ್ಲಿ ಬೆಣ್ಣೆಯಂತೆ ಕರಗುವುದು. ನಾಲಿಗೆಗೆ ಹುಳಿ ಮಾತ್ರ ತಿಳಿಯಿತು. ಆಮೇಲೆ ಅವಳ ಊರಿನ ಲ್ಯಾಂಕಶೈರ್. ಅದರ ಕಥೆ ಕೇಳಿ ನಾನು ಬೆರಗಾದೆ. ಒಂದು ದಿನದ ಹಾಲಿನ ಮೊಸರುಗಡ್ಡೆಯಿಂದ ಅದಾಗುವುದಿಲ್ಲ. ಮೊನ್ನೆಯದು, ನಿನ್ನೆಯದು, ಇವತ್ತಿನದು ಮೂರನ್ನೂ ಕಾದಿಟ್ಟು ಬೆರೆಸಿ ಒತ್ತುತ್ತಾರೆ. ಬಡ ರೈತರ ಹತ್ತಿರ ಒಂದೇ ದಿನ ಒಂದು ಚಕ್ರಕ್ಕಾಗುವಷ್ಟು ಹಾಲು ಇರುತ್ತಿರಲಿಲ್ಲವಂತೆ. ಇಲ್ಲದ್ದಕ್ಕೆ ಕೊರಗದೆ ಕಾದವರ ರುಚಿ ಅದು. ಅದನ್ನು ಹಿಲರಿಯ ಅಜ್ಜಿ ಹಣ್ಣಿನ ಕೇಕಿನ ಜೊತೆ ಕೊಡುತ್ತಿದ್ದಳಂತೆ. ನಾನು ನಿಪ್ಪಟ್ಟು ಒಯ್ದೆ. ನಿಪ್ಪಟ್ಟಿನ ಮೇಲೆ ಲ್ಯಾಂಕಶೈರ್ ಉದುರಿಸಿ, ಅದರ ಮೇಲೊಂದು ಚೂರು ಹುಣಸೆ ತೊಕ್ಕು ಹಚ್ಚಿ ಕೊಟ್ಟಾಗ ಹಿಲರಿ ಕಣ್ಣಲ್ಲಿ ನೀರು ಸುರಿಸುತ್ತಲೇ, “ಇನ್ನೊಂದು ಕೊಡು” ಎಂದಳು.

ಸ್ಟಿಲ್ಟನ್ ಕೊನೆಗೆ. ಅದು ತನ್ನಷ್ಟಕ್ಕೆ ನೀಲಿಯಾಗುವುದಿಲ್ಲ. ಹಾಲಿಗೆ ಮೊದಲೇ ಬೂಷ್ಟಿನ ಕಣ ಸೇರಿಸಿರುತ್ತಾರೆ. ಅದು ಗಟ್ಟಿ ಚಕ್ರದೊಳಗೆ ಗಾಳಿಯಿಲ್ಲದೆ ವಾರಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಆಮೇಲೊಂದು ದಿನ ಉದ್ದನೆಯ ಉಕ್ಕಿನ ಸೂಜಿಗಳಿಂದ ಚಕ್ರದ ಮೈತುಂಬ ಚುಚ್ಚುತ್ತಾರೆ. ಆ ತೂತುಗಳಿಂದ ಉಸಿರು ಒಳಗೆ ಹೋಗುತ್ತದೆ, ಬೂಷ್ಟು ಏಳುತ್ತದೆ, ಕತ್ತಲಲ್ಲಿ ದಾರಿ ಮಾಡಿಕೊಂಡು ಹಬ್ಬುತ್ತದೆ. ಹಿಲರಿ ಅರ್ಧ ಚಕ್ರವನ್ನು ನನ್ನತ್ತ ತಿರುಗಿಸಿ, ಸೂಜಿ ಹೋದ ನೇರ ಗೆರೆಗಳನ್ನು ತೋರಿಸಿದಳು. ಬೂಷ್ಟು ಕಂಡರೆ ಬ್ರೆಡ್ಡಿನ ಪೊಟ್ಟಣವನ್ನೇ ಕಸಕ್ಕೆಸೆಯುವ ನಾನು ಆ ನೀಲಿಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ನಾವು ಕೆಡುವುದು ಎಂದು ಕರೆಯುವುದನ್ನು ಈ ಜನ ಹಿಡಿದು, ಪಳಗಿಸಿ, ಹಾಲಿನೊಳಗೆ ತೋಟ ಮಾಡಿದ್ದರು. ಎಂಥ ಧೈರ್ಯ, ಎಂಥ ತಾಳ್ಮೆ ಎನ್ನಿಸಿತು. ಅದರ ಒಂದು ಚೂರು ಬಾಯಿಗಿಟ್ಟುಕೊಂಡೆ. ಉಪ್ಪು, ಸ್ವಲ್ಪ ಚುರುಚುರು, ಅಷ್ಟೇ. ಮೂಗಿನಿಂದ ಉಸಿರು ಬಿಟ್ಟೆ. ಬರೀ ಗಾಳಿ.

ಜನವರಿ ಹೀಗೇ ಹೋಯಿತು, ಫೆಬ್ರವರಿಯೂ ಹೋಯಿತು. ಶ್ರೀಧರ ಒಮ್ಮೆ, “ಏನಾದ್ರೂ ಇಂಪ್ರೂವ್‌ಮೆಂಟ್ ಇದ್ಯಾ?” ಎಂದು ಕೇಳಿ ಬೈಸಿಕೊಂಡರು. ಮತ್ತೆ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಇನ್ನೆಂದೂ ಬಾರದಿದ್ದರೆ ನಾನು ಏನಾಗುತ್ತೇನೆ? ಹೂವು ಕಟ್ಟುತ್ತ, ಚೆನ್ನಾಗಿದೆ ಅನ್ನಿಸಿಕೊಳ್ಳುತ್ತ ಮುದುಕಿಯಾಗುತ್ತೇನಾ? ಯುಗಾದಿಗೆ ಪದ್ಮಾ ಆಂಟಿ ಫೋನ್ ಮಾಡಿ, “ಈ ಸಲವೂ ನೀನೇನೂ ಹಚ್ಕೋಬೇಡ, ಆರಾಮಾಗಿ ಬಾ” ಎಂದರು. ನೆಪ ಹೇಳಿ ಹೋಗಲೇ ಇಲ್ಲ. ಹಬ್ಬದ ದಿನ ಮನೆಯಲ್ಲಿ ಬೇವು ಬೆಲ್ಲ ತಿಂದು ಮಲಗಿದೆ. ಕಹಿ ತಿಳಿಯಿತು, ಸಿಹಿ ತಿಳಿಯಿತು, ಎರಡಕ್ಕೂ ಅದರ ಗಂಧವಿರಲಿಲ್ಲ.

ಏಪ್ರಿಲ್‌ನಲ್ಲಿ ಡರ್ಹಮ್‌ಗೆ ಪೈನ್ ಮರಗಳ ಪರಾಗ ಸುರಿಯುತ್ತದೆ. ಕಾರು, ಮೆಟ್ಟಿಲು, ನಾಯಿಯ ಬೆನ್ನು, ಎಲ್ಲದರ ಮೇಲೂ ಅರಿಶಿನ ಪುಡಿ ಚೆಲ್ಲಿದ ಹಾಗೆ. ಊರಿಗೂರೇ ಸೀನುತ್ತ, ಮೂಗು ಕಟ್ಟಿಕೊಂಡು ಓಡಾಡುತ್ತದೆ. ಅಂಥ ಒಂದು ಶನಿವಾರ ಹೋದಾಗ ಹಿಲರಿಯ ಕಣ್ಣೆರಡೂ ಕೆಂಪಾಗಿದ್ದವು. ಹೊಸ ಸ್ಟಿಲ್ಟನ್ ಬಂದಿತ್ತು. ಆ ಉಕ್ಕಿನ ಕೊಳವೆಯನ್ನು ಚುಚ್ಚಿ ತೆಗೆದು, ಮೂಸಲು ಹೋಗಿ, ದಬದಬ ಸೀನಿ, “ನನಗೇನೂ ತಿಳಿಯುತ್ತಿಲ್ಲ ಇವತ್ತು. ನೀನೇ ನೋಡು, ಇದು ಸರಿಯಾಗಿದೆಯಾ?” ಎಂದು ನನ್ನ ಕೈಗೆ ಕೊಟ್ಟಳು.

ಮೂಗಿನ ಕೆಳಗೆ ಸಾಗಿಸಿದೆ. ಏನಿಲ್ಲ. ತುದಿಯಿಂದ ಒಂದು ಕಾಳಿನಷ್ಟು ಚಿವುಟಿ ನಾಲಿಗೆಗಿಟ್ಟು, ಅಂಗುಳಕ್ಕೆ ಒತ್ತಿ, ಬಾಯಿ ಮುಚ್ಚಿ ಉಸಿರು ಬಿಟ್ಟೆ. ಆ ಹೊತ್ತಿಗೆ ಮೂಗಿನ ಹಿಂದೆ, ತಲೆಯ ಒಳಗೆಲ್ಲೋ, ಏನೋ ಅಲುಗಿತು. ಇನ್ನೊಮ್ಮೆ ಉಸಿರು ಬಿಟ್ಟೆ. ಅದು ಅಲ್ಲೇ ಇತ್ತು. ಸಣ್ಣಗೆ, ತಣ್ಣಗೆ.

“ಗೋಡೆ” ಎಂದೆ.

“ಏನು?”

“ಒದ್ದೆ ಗೋಡೆ. ಹಿಲರಿ, ಒದ್ದೆ ಗೋಡೆಯ ವಾಸನೆ ಬರ್ತಿದೆ!”

ಹಿಲರಿ ಕೌಂಟರ್ ಬಡಿದಳು. “ಅದು ನೆಲಮಾಳಿಗೆ! ಅದು ಮಲಗಿದ್ದ ನೆಲಮಾಳಿಗೆಯ ಗೋಡೆ ಕಣೇ! ಸರಿಯಾಗಿ ಹಿಡಿದೆ!” ಎಂದು ಕೂಗಿ ನನ್ನನ್ನು ತಬ್ಬಿಕೊಂಡಳು. ಇಬ್ಬರೂ ಅಳುತ್ತಿದ್ದೆವು, ಅವಳದು ಪರಾಗವೋ ಏನೋ. ನಾನು ಎಂದೂ ಕಾಲಿಡದ ದೇಶದ, ಎಂದೂ ನೋಡದ ಕತ್ತಲ ಕೋಣೆಯೊಂದರ ಗೋಡೆ ತಿಂಗಳುಗಟ್ಟಲೆ ಹಾಲಿನೊಳಗೆ ಕೂತು, ಕಡಲು ದಾಟಿ ಬಂದು, ನನ್ನ ಮೂಗಿಗೆ ತಟ್ಟಿತ್ತು. ಮಲ್ಲಿಗೆಯಿಂದಲೋ ಕಾಫಿಯಿಂದಲೋ ಬರುತ್ತದೆಂದು ಕಾದಿದ್ದೆ. ಬಂದದ್ದು ಗೋಡೆಯಿಂದ. ಇವತ್ತಿಗೂ ನೆನೆದರೆ ರೋಮಾಂಚನವಾಗುತ್ತದೆ. ವಯೊಲಿನ್ ಮುಗಿಸಿ ಬಂದ ಅನಘಾ, “What happened?” ಎಂದು ಗಾಬರಿಯಾದಳು. “ಅಮ್ಮನ ಮೂಗು ಬಂತು” ಎಂದೆ. “From the stinky cheese? That’s so weird, ಅಮ್ಮ” ಎಂದು ಹೇಳಿ, ಬಂದು ಅಪ್ಪಿಕೊಂಡಳು.

ಹೋದ ವಾಸನೆ ಒಂದೇ ದಿನ ದಿಬ್ಬಣದಂತೆ ಬಂದಿಳಿಯಲಿಲ್ಲ. ಬಂದದ್ದೂ ಸೊಟ್ಟ ಸೊಟ್ಟ. ಜೂನ್‌ವರೆಗೆ ಕಾಫಿಗೆ ರಬ್ಬರ್ ಸುಟ್ಟ ವಾಸನೆ, ಕೊತ್ತಂಬರಿಗೆ ಸೋಪಿನದು, ಈರುಳ್ಳಿಯಂತೂ ಹತ್ತಿರ ಸೇರಿಸಲಾಗುತ್ತಿರಲಿಲ್ಲ. ಸುಳ್ಳು ಹೇಳದೆ ಇದ್ದವು ಹಿಲರಿಯ ಹಲಗೆಯ ಮೇಲಿನ ಚೀಸ್‌ಗಳು ಮಾತ್ರ. ಒಂದು ವಾರ ಕೇರ್ಫಿಲಿಯಲ್ಲಿ ನಿಂಬೆಸಿಪ್ಪೆ ಸಿಕ್ಕಿತು. ಇನ್ನೊಂದು ವಾರ ಚೆಡ್ಡಾರಿನಲ್ಲಿ ಒಣಹುಲ್ಲು, ಅದರ ಹಿಂದೆ ಕಾಯಿಸಿದ ತುಪ್ಪ. ಲ್ಯಾಂಕಶೈರ್‌ನಲ್ಲಿ ಬೆಚ್ಚಗಿನ ಹಸಿ ಹಾಲು ಸಿಕ್ಕ ದಿನ ಅಂಗಡಿಯಲ್ಲಿ ಕುಣಿದೆ. ಜುಲೈನಲ್ಲಿ ಮನೆಯಲ್ಲಿ ಸಾರಿನ ಪುಡಿ ಹುರಿಯುವಾಗ ಮೆಂತ್ಯ ಕೆಂಪಾದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು. ಒಲೆ ಆರಿಸಿ ಶ್ರೀಧರರಿಗೆ ಆಫೀಸಿಗೇ ಫೋನ್ ಮಾಡಿದೆ. “ಮೀಟಿಂಗಲ್ಲಿದೀನಿ, ಏನಾಯ್ತು?” ಎಂದವರು ವಿಷಯ ಕೇಳಿ ಮೀಟಿಂಗಿನಿಂದ ಎದ್ದು ಹೊರಗೆ ಬಂದು, “ಇನ್ನೊಂದ್ಸಲ ಹೇಳು” ಎಂದರು.

ಆ ವರ್ಷದ ಗಣೇಶನ ಹಬ್ಬಕ್ಕೆ ನಾನೇ ಪದ್ಮಾ ಆಂಟಿಯ ಮನೆಗೆ ಹೋದೆ. “ಸಾರು ನಾನು ಮಾಡ್ತೀನಿ ಆಂಟಿ.” “ಪೂರ್ತಿ ಬಂದಿದ್ಯಾ?” ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಮುಕ್ಕಾಲು ಪಾಲು” ಎಂದೆ. “ಪಾಯಸ ಬೇರೆಯವರಿಗೆ ಹೇಳಿದೀನಿ. ಸಾರು ಒಂದು ನೋಡು. ಆಗಲ್ಲ ಅನ್ಸಿದ್ರೆ ಹೇಳ್ಬಿಡು, ನಾಚ್ಕೋಬೇಡ” ಎಂದರು.

ಹಬ್ಬದ ದಿನ ಹಾಲ್‌ನ ಅಡಿಗೆಮನೆಯಲ್ಲಿ ಮೈಯೆಲ್ಲ ಬೆವರು. ಬೇಳೆ ಕಟ್ಟು, ಹುಣಸೆ ರಸ, ಪುಡಿ, ಬೆಲ್ಲ ಎಲ್ಲ ಬಿದ್ದು ಸಾರು ಮರಳುತ್ತಿತ್ತು. ಉಪ್ಪು ಅಂದಾಜಿಗೆ ಹಾಕಿದ್ದೆ. ಸಾಕೇ, ಬೇಕೇ? ಆವಿಯಲ್ಲಿ ಕೊತ್ತಂಬರಿ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಹೊರಗೆ ಮಂತ್ರ ಮುಗಿಯುತ್ತ ಬಂದಿತ್ತು. ಸೌಟು ಕೈಯಲ್ಲೇ ಇತ್ತು. ಒಂದು ಹನಿ ಅಂಗೈಗೆ ಹಾಕಿ ನೆಕ್ಕಿದರೆ ಯಾರಿಗೂ ಕಾಣುತ್ತಿರಲಿಲ್ಲ. ನಾನು ಮಾಡಲಿಲ್ಲ. ಭಕ್ತಿಯಿಂದ ಎಂದರೆ ಪೂರ್ತಿ ನಿಜವಾಗದು, ಹಟವೂ ಇತ್ತು. ಸೌಟು ಕೆಳಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿ, ಹುಡುಕುವುದನ್ನು ಬಿಟ್ಟು ನಿಂತೆ. ಆವಿ ಬಂತು. ಉಸಿರು ಹೊರಗೆ ಬಿಟ್ಟೆ. ಮಂಕಾಗಿತ್ತು. ಮುಷ್ಟಿಯಲ್ಲಿ ಉಪ್ಪು ತೆಗೆದು ಹಾಕಿ ತಿರುವಿದೆ. ಕುದಿ ಬಂದಾಗ ಮೆಣಸು ಎದ್ದಿತು, ಅದರ ಹಿಂದೆ ಕೊತ್ತಂಬರಿ, ಕೊನೆಗೆ, ಒಂದು ವರ್ಷದಿಂದ ಮುಖ ತೋರಿಸದಿದ್ದ ಇಂಗು. ಎಲ್ಲ ಬಂದು ನನ್ನೆದುರು ನಿಂತವು.

ನೈವೇದ್ಯವಾಯಿತು. ಮೊದಲ ಪಂಕ್ತಿ ಕೂತಿತು. ನಾನೇ ಸಾರು ಬಡಿಸಿದೆ. ಎಲ್ಲರೂ ತಲೆ ತಗ್ಗಿಸಿ ಕಲಸುತ್ತಿದ್ದರು, ಹೋದ ವರ್ಷದ್ದು ಎಲ್ಲರಿಗೂ ನೆನಪಿತ್ತು. “ವಸುಧಾ, ಸೂಪರ್!” ಎಂದಿತು ಒಂದು ದನಿ. “ವೆರಿ ನೈಸ್” ಎಂದಿತು ಇನ್ನೊಂದು. ನನ್ನ ಕಿವಿಗೆ ಯಾವುದೂ ಹತ್ತಲಿಲ್ಲ. ನಾನು ನೋಡುತ್ತಿದ್ದದ್ದು ಪಂಕ್ತಿಯ ತುದಿಯಲ್ಲಿ ಕೂತ ಪದ್ಮಾ ಆಂಟಿಯನ್ನು. ಅವರು ಒಂದು ತುತ್ತು ಬಾಯಿಗಿಟ್ಟರು. ಇನ್ನೊಂದು ಇಟ್ಟರು. ಎಲೆಯಿಂದ ತಲೆಯೆತ್ತಿ ನನ್ನತ್ತ ಹುಬ್ಬು ಗಂಟಿಕ್ಕಿದರು.

“ಏನೇ, ಉಪ್ಪು ಒಂದು ಚಿಟಿಕೆ ಮುಂದಾಯ್ತಲ್ಲೇ! ಅಷ್ಟು ದೊಡ್ಡ ಮುಷ್ಟೀಲಿ ಯಾರಾದ್ರೂ ಹಾಕ್ತಾರಾ? ದೀಪಾವಳಿಗೆ ನೋಡ್ಕೊಂಡು ಹಾಕು. ಹುಳಿ, ಪಾಯಸನೂ ನೀನೇ ಮಾಡ್ಬೇಕು, ಈ ಹುಡುಗೀರಿಗೆ ಹದ ಗೊತ್ತಾಗಲ್ಲ.”

“ಆಯ್ತು ಆಂಟಿ” ಎಂದು ಹೇಳಿ, ಸಾರಿನ ಬಕೆಟ್ಟು ಹಿಡಿದುಕೊಂಡು ಅಡಿಗೆಮನೆಗೆ ಓಡಿದೆ. ಬಾಗಿಲು ಮುಚ್ಚಿ, ಗೋಡೆಗೊರಗಿ, ನಗುತ್ತ ಅತ್ತೆ. ಹೊರಗಿನಿಂದ ಅವರು ಕೂಗುತ್ತಲೇ ಇದ್ದರು: “ಎಲ್ಲಿ ಹೋದ್ಲು ಇವಳು? ಸಾರು ತಾರೇ, ಇನ್ನೊಂದು ಸೌಟು ಹಾಕು!”